ಮಿಲ್ ರೂಮಿನ ಅರಿಶಿನ

ನಮ್ಮ ಮನೆಗೆ ಅಂಟಿಕೊಂಡಿರುವ ಪೋರ್ಷನ್ನಿಗೆ ಬಾಡಿಗೆಗೆ ಬರುವವರು ಹಾಲು ಉಕ್ಕಿಸುವ ಮೊದಲು ಸೀನುತ್ತಾರೆ. ಸೀನದೆ ಒಳಗೆ ಬಂದವರನ್ನು ನಾನು ಇದುವರೆಗೆ ಕಂಡಿಲ್ಲ. ಮೊದಲ ಸೀನಿಗೆ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ಹೊಸ ಮನೆಯ ಹೊಸ್ತಿಲಲ್ಲಿ ಒಂಟಿ ಸೀನು ಯಾರಿಗೆ ಬೇಕು? ನಾನು ಗೇಟಿನ ಹತ್ತಿರ ನಿಂತು, "ತಡೀರಿ, ಇನ್ನೊಂದು ಬರುತ್ತೆ" ಎನ್ನುತ್ತೇನೆ. ಬಂದೇ ಬರುತ್ತದೆ. ಎರಡಾದರೆ ದೋಷವಿಲ್ಲವಲ್ಲ. ಅವರಿಗೂ ಸಮಾಧಾನ, ನನಗೂ ಬಾಡಿಗೆದಾರರು ಉಳಿದರು.

ಆ ಸೀನು ಮೆಣಸಿನಕಾಯಿಯದು. ಈಗ ಒಂದು ರೂಮು, ಒಂದು ಅಡುಗೆಮನೆ, ಹಿಂದೆ ಬಚ್ಚಲು ಎಂದು ಇರುವ ಆ ಜಾಗ ಒಂದು ಕಾಲಕ್ಕೆ ನಮ್ಮ ಹಿಟ್ಟಿನ ಮಿಲ್ಲು. ಕುಮಾರಸ್ವಾಮಿ ಲೇಔಟಿನಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳು ಜಾಸ್ತಿ ಇದ್ದಾಗ ನಮ್ಮವರು ಮನೆಯ ಎಡಗೋಡೆಗೆ ಒತ್ತಿ ಒಂದು ಕೋಣೆ ಎಬ್ಬಿಸಿದರು. ಮೇಲೆ ಮೋಲ್ಡು ಹಾಕಿಸಿ, ರಾಗಿ ಗೋಧಿಗೆ ಒಂದು ಮಿಷನ್ನು, ಮೆಣಸಿನಕಾಯಿ ಕುಟ್ಟುವುದಕ್ಕೆ ಒಂದು ಮಿಷನ್ನು ಇಟ್ಟರು. ಅಷ್ಟು ವರ್ಷ ಆ ಗೋಡೆಗಳು ಖಾರ ಕುಡಿದಿವೆ. ಮಿಲ್ಲು ನಿಂತ ಮೇಲೆ ಎಷ್ಟೋ ಸಲ ಸುಣ್ಣ ಬಳಿಸಿದೆ, ಬಣ್ಣ ಹೊಡೆಸಿದೆ. ಬಿಸಿಲು ಏರಿದ ಕೂಡಲೇ ಗೋಡೆ ಕುಡಿದದ್ದನ್ನು ಚೂರು ಚೂರೇ ವಾಪಸ್ಸು ಕೊಡುತ್ತದೆ. ಮಳೆಗಾಲದಲ್ಲಿ ಮಾತ್ರ ಸುಮ್ಮನಿರುತ್ತದೆ, ನೆನೆದ ಖಾರ ಹಾರುವುದಿಲ್ಲ ನೋಡಿ. ಬಂದವರ ಮೂಗು ಒಂದು ವಾರದಲ್ಲಿ ಒಗ್ಗಿಕೊಳ್ಳುತ್ತದೆ. ಲಾಭವೂ ಉಂಟು. ನನ್ನ ಮನೆಯಲ್ಲಿ ಜಿರಲೆ ಇದೆ, ಅಲ್ಲಿ ಇಲ್ಲ.

ಮಿಲ್ಲಿಗೆ ಒಂದು ಶಿಸ್ತಿತ್ತು. ಮಿಷನ್ನಿನ ಬಾಯಿಗೆ ಹಿಟ್ಟು ಚೆಲ್ಲದಿರಲೆಂದು ಬಟ್ಟೆಯ ತೋಳು ಕಟ್ಟುತ್ತಾರಲ್ಲ, ಖಾರದ ತೋಳು ಬೇರೆ, ಗೋಧಿಯ ತೋಳು ಬೇರೆ. ಒಂದು ದಿನ ನಮ್ಮವರು ರಾಜಕೀಯ ಮಾತಾಡುತ್ತಾ ಖಾರದ ತೋಳನ್ನು ಗೋಧಿ ಮಿಷನ್ನಿಗೆ ಕಟ್ಟಿದರು. ಅವತ್ತು ಬೀಸಿದ್ದು ಹಿಂದಿನ ರಸ್ತೆಯ ಮದುವೆ ಮನೆಯ ಗೋಧಿ ರವೆ, ಪಾಯಸಕ್ಕೆ. ಬೀಗರೆಲ್ಲ ಕೂತು ಪಾಯಸ ಕುಡಿದರು, ಕುಡಿದವರೆಲ್ಲ ಕಣ್ಣೊರೆಸಿಕೊಂಡರು. ಹೆಣ್ಣು ಒಪ್ಪಿಸುವಾಗಲೂ ಅಷ್ಟು ಜನ ಅತ್ತಿರಲಿಲ್ಲ. ಹೆಣ್ಣಿನ ಅಪ್ಪ ಜಗಳಕ್ಕೆ ಬಂದರೆ ನಮ್ಮವರು ರೆಪ್ಪೆಯ ಮೇಲೆ ಹಿಟ್ಟು ಹೊತ್ತುಕೊಂಡು, "ಮಗಳನ್ನ ಕಳಿಸೋ ಮನೇಲಿ ಯಾರ ಕಣ್ಣೂ ಒಣಗಿರಬಾರ್ದು ಯಜಮಾನ್ರೇ" ಎಂದರು. ಆ ಮನುಷ್ಯ ನಕ್ಕುಬಿಟ್ಟ. ನಾನಾಗಿದ್ದರೆ ಡಬ್ಬದಲ್ಲಿ ಹೊಡೆಯುತ್ತಿದ್ದೆ.

ಆಮೇಲೆ ಪ್ಯಾಕೆಟ್ ಹಿಟ್ಟು ಬಂತು, ಮಿಲ್ಲಿನ ಮುಂದಿನ ಡಬ್ಬದ ಸಾಲು ಸಣ್ಣದಾಯಿತು. ನಮ್ಮವರು ಹೋದ ಮೇಲೆ ಮಿಷನ್ನುಗಳನ್ನು ಅರೆಕೆರೆಯ ಒಬ್ಬರು ಬಂದು ಬಿಚ್ಚಿಕೊಂಡು ಹೋದರು. ಮಗ ಮಹದೇವ, "ರೂಮು ಹಾಗೇ ಬೀಗ ಹಾಕಿ ಇಡೋಣಮ್ಮ, ಅಪ್ಪನ ನೆನಪು" ಎಂದ. ಮುಚ್ಚಿದ ಕೋಣೆಗೆ ಇಲಿ ಬಾಡಿಗೆಗೆ ಬರುತ್ತದೆ, ಅದರ ಬದಲು ಮನುಷ್ಯರು ಬರಲಿ ಎಂದು ನಾನು ಹಿಂದೆ ಬಚ್ಚಲು ಎತ್ತಿಸಿ, ಕಡಪ ಕಲ್ಲು ಹಾಕಿಸಿ, ಪೋರ್ಷನ್ನು ಮಾಡಿಸಿದೆ. ನಮ್ಮ ಹಾಲಿನಿಂದ ಮಿಲ್ಲಿಗೆ ಒಂದು ಬಾಗಿಲಿತ್ತು, ನಮ್ಮವರಿಗೆ ಊಟದ ತಟ್ಟೆ ಕೊಡುತ್ತಿದ್ದದ್ದು ಅದರಲ್ಲೇ. ಅದಕ್ಕೆ ಎರಡು ಕಡೆಯೂ ಅಗುಳಿ ಹಾಕಿಸಿದೆ. ಬಾಗಿಲು ಮುಚ್ಚಿದೆ, ಸಂದು ಮುಚ್ಚಿಲ್ಲ. ಮಾತು ಹೋಗಿ ಬಂದು ಮಾಡುತ್ತದೆ.

ಅಂದಿನಿಂದ ಆ ಪೋರ್ಷನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಗ ಬ್ಯಾಂಕಿಗೆ ಹೋಗುತ್ತಾನೆ, ಸೊಸೆ ಸ್ಕೂಲಿಗೆ ಹೋಗುತ್ತಾಳೆ, ನಾನು ಪೋರ್ಷನ್ನಿಗೆ ಹೋಗುತ್ತೇನೆ. ಬಾಡಿಗೆ ಮನೆ ಇಟ್ಟುಕೊಂಡರೆ ಕೂತು ತಿನ್ನಬಹುದು ಎನ್ನುವವರು ಯಾರೂ ಬಾಡಿಗೆ ಮನೆ ಇಟ್ಟುಕೊಂಡವರಲ್ಲ. ಅದು ಹಸು ಕಟ್ಟಿದ ಹಾಗೆ. ನಲ್ಲಿ ಸೋರಿದರೆ ವಾಷರ್ ಹಾಕಬೇಕು, ಮೋರಿ ಕಟ್ಟಿದರೆ ಕೋಲು ಹಾಕಬೇಕು, ಮಳೆಗೆ ಬಾಗಿಲು ಉಬ್ಬಿದರೆ ಉಜ್ಜಬೇಕು, ಬೇಸಿಗೆಗೆ ಅದೇ ಬಾಗಿಲು ಸೊರಗಿದರೆ ಚಿಲಕ ಸರಿಮಾಡಬೇಕು. ಸ್ಕ್ರೂಡ್ರೈವರ್ ನನ್ನ ಸೊಂಟದಲ್ಲೇ ಇರುತ್ತದೆ, ಬೀಗದ ಕೈ ಗೊಂಚಲಿನ ಜೊತೆ. ಒಬ್ಬ ಹುಡುಗ ಇದ್ದ, ಒದ್ದೆ ಜೀನ್ಸನ್ನು ಫ್ಯಾನಿಗೆ ಕಟ್ಟಿ ತಿರುಗಿಸಿ ಒಣಗಿಸುತ್ತಿದ್ದ. ಫ್ಯಾನು ಒಂದು ದಿನ ಜೀನ್ಸ್ ಹಾಕಿಕೊಂಡೇ ಕೆಳಗೆ ಬಂತು. ಇನ್ನೊಂದು ಸಂಸಾರ ಮೊಳೆ ಹೊಡೆಯಬೇಡಿ ಎಂದಿದ್ದಕ್ಕೆ ದೇವರ ಪಟಗಳನ್ನೆಲ್ಲ ಗೋಂದಿನಲ್ಲಿ ಅಂಟಿಸಿ ಹೋದರು. ಆ ದೇವರುಗಳನ್ನು ಬಿಡಿಸಲು ನಾನು ಪಟ್ಟ ಪಾಡು ಯಾವ ಭಕ್ತರೂ ಪಟ್ಟಿರಲಾರರು.

ಈಗ ಇರುವವಳು ಶಿವಲೀಲಾ. ಬಾಗಲಕೋಟೆ ಕಡೆಯವಳು, ಬಿಟಿಎಂನಲ್ಲಿ ಯಾವುದೋ ಆಫೀಸು. ಗಂಡನಿಗೆ ಆಸ್ಪತ್ರೆ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ನಾನು ವಿಭೂತಿ ಹಚ್ಚಿಕೊಳ್ಳುವ ಹೊತ್ತಿಗೆ ಗೋಡೆಯ ಆಚೆ ಪಟ ಪಟ ಶುರುವಾಗುತ್ತದೆ, ಜೋಳದ ರೊಟ್ಟಿ ಬಡಿಯುವುದು. ಮೊದಲ ದಿನ ನಾನು ಗೋಡೆಗೆ ಮೊಳೆ ಹೊಡೆಯುತ್ತಿದ್ದಾಳೆಂದು ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದೆ. "ಮೊಳಿ ಅಲ್ರಿ ಅಜ್ಜಿ, ರೊಟ್ಟಿ. ಬರ್ರಿ, ಬಿಸಿದು ತಿನ್ನೀರಂತ" ಎಂದಳು. ಮುದ್ದೆ ತಿಂದು ಬೆಳೆದ ಬಾಯಿ ನನ್ನದು, ರೊಟ್ಟಿ ಎಂದರೆ ದವಡೆಗೆ ಶಿಕ್ಷೆ ಎಂದುಕೊಂಡಿದ್ದೆ. ಹಾಗೇನಿಲ್ಲ. ಎಣ್ಣೆಗಾಯಿ ಜೊತೆ ಇಳಿಯುತ್ತದೆ.

ತೊಂದರೆ ಒಂದೇ, ಅಡುಗೆಮನೆಯ ಗೋಡೆ. ನಮ್ಮ ಮನೆಗೂ ಮಿಲ್ ರೂಮಿಗೂ ಸೇರುವ ಗೋಡೆ ಅದು. ಪ್ರತಿ ಮಳೆಗಾಲಕ್ಕೂ ಸಜ್ಜದ ಮೇಲಿಂದ ಶುರುವಾಗಿ, ಎಮ್ಮೆಯ ಬೆನ್ನಿನಷ್ಟು ಅಗಲ ಕಪ್ಪಗೆ ನೆನೆಯುತ್ತಿತ್ತು. ಗಾರೆ ಉಬ್ಬಿ ಸಾರಿಗೆ ಬೀಳುತ್ತಿತ್ತು. ಎಷ್ಟೋ ಮೇಸ್ತ್ರಿಗಳು ಬಂದರು. ಒಬ್ಬ ತಾರು ಬಳಿದ, ಒಬ್ಬ ಬಿಳಿ ಕೆಮಿಕಲ್ ಸುರಿದ, ಒಬ್ಬ ಶೀಟು ಹಾಸಿದ. ಮಳೆ ಬಂದ ಕೂಡಲೇ ಎಮ್ಮೆ ಬಂದು ಅದೇ ಜಾಗದಲ್ಲಿ ಮಲಗುತ್ತಿತ್ತು.

ಈ ವರ್ಷ ಬೇಸಿಗೆ ಶುರುವಿಗೆ ಮಹದೇವ ಹೊಸ ಕಾರು ತಂದ. ನಿಲ್ಲಿಸಲು ಜಾಗವಿಲ್ಲ. ರಸ್ತೆಯಲ್ಲಿ ಹೊಂಗೆ ಮರದ ಕೆಳಗೆ ನಿಲ್ಲಿಸಿದರೆ ಕಾಗೆಗಳು ಪ್ರತಿದಿನ ಬಣ್ಣ ಬದಲಾಯಿಸುತ್ತವೆ. ಒಂದು ಭಾನುವಾರ ತನ್ನ ಇಂಜಿನಿಯರ್ ಸ್ನೇಹಿತನನ್ನು ಕರೆದುಕೊಂಡು ಬಂದ. ಆತ ಶಿವಲೀಲಾಳ ಅಡುಗೆಮನೆಗೆ ಹೋಗಿ, ಗೋಡೆಗೆ ಬೆರಳಲ್ಲಿ ಕುಟ್ಟಿ, ಎರಡು ಸಲ ಸೀನಿ ನಮ್ಮ ಹಾಲಿಗೆ ಬಂದ. "ಇದು ಹಳೇ ಸ್ಟ್ರಕ್ಚರು ಆಂಟಿ. ಮನೆಗೂ ಇದಕ್ಕೂ ಬಾಂಡಿಂಗೇ ಇಲ್ಲ. ಎಷ್ಟು ಖರ್ಚು ಮಾಡಿದ್ರೂ ವೇಸ್ಟು. ಡೆಮಾಲಿಷ್ ಮಾಡಿದ್ರೆ ಸಖತ್ತಾಗಿ ಒಂದು ಪಾರ್ಕಿಂಗ್ ಆಗುತ್ತೆ."

"ಅಲ್ಲಿರೋ ಹುಡುಗಿ?" ಎಂದೆ.

"ಬೇರೆ ಮನೆ ಸಿಗುತ್ತಮ್ಮ. ಪುಟ್ಟೇನಹಳ್ಳಿ ಕಡೆ ಬೇಕಾದಷ್ಟು ಇದೆ" ಎಂದ ಮಗ.

"ನಂಗೆ?"

"ನಿನಗೇನು? ಆರಾಮಾಗಿ ಕೂತ್ಕೋ. ಎಷ್ಟು ದಿನ ಅಂತ ಸ್ಕ್ರೂಡ್ರೈವರ್ ಇಟ್ಕೊಂಡು ಓಡಾಡ್ತೀಯ?"

ಕೇಳಿ, ನನಗೆ ಈ ಆರಾಮು ಎನ್ನುವ ಮಾತಿನ ಮೇಲೆ ನಂಬಿಕೆಯಿಲ್ಲ. ನಮ್ಮ ಸಾಲಿನಲ್ಲಿ ಆರಾಮಾಗಿ ಕೂತ ಮುದುಕಿಯರೆಲ್ಲ ಟೀವಿ ಮುಂದೆ ಬಾಯಿ ತೆರೆದು ನಿದ್ದೆ ಮಾಡುತ್ತಾರೆ. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವಳು, ಬ್ಯಾಂಕು ನಡೆಸಲಾರೆ, ಸ್ಕೂಲು ನಡೆಸಲಾರೆ. ಈ ಒಂದೂವರೆ ರೂಮು ನಡೆಸುತ್ತೇನೆ. ಅದು ಹೋದರೆ ನಾನು ಈ ಮನೆಯಲ್ಲಿ ನೆಂಟಳಾಗಿ ಕೂರಬೇಕು. ಆದ್ದರಿಂದ ಅಲ್ಲೇ ಪಂದ್ಯ ಕಟ್ಟಿದೆ.

"ಮಳೆಗಾಲ ಶುರುವಾಗ್ಲಿ. ಮೊದಲ್ನೇ ದೊಡ್ಡ ಮಳೆಗೆ ಗೋಡೆ ನೆಂದ್ರೆ ನಾನೇ ಗುದ್ದಲಿ ಹಾಕ್ತೀನಿ. ನೆನೀಲಿಲ್ಲ ಅಂದ್ರೆ ಒಡಿಯೋ ಮಾತು ಎತ್ತಬಾರ್ದು."

"ಎಷ್ಟು ವರ್ಷದಿಂದ ನೆನೀತಿರೋ ಗೋಡೆ ಕಣಮ್ಮ ಅದು."

"ನಿಂಗೇನು? ಹೂಂ ಅನ್ನು."

ಇಂಜಿನಿಯರ್ ನಗುತ್ತಿದ್ದ. ಮಗ ಹೂಂ ಎಂದ. ಬಾಗಿಲ ಸಂದಿಯ ಆಚೆ ರೊಟ್ಟಿ ಬಡಿಯುವುದು ನಿಂತಿತ್ತು. ಆಮೇಲೆ ಶಿವಲೀಲಾ ಮೆತ್ತಗೆ ಕೇಳಿದಳು: "ಅಜ್ಜಿ, ನಾವು ಮನಿ ನೋಡ್ಲೇನ್ರಿ?"

"ರೊಟ್ಟಿ ಸೀದೋಗುತ್ತೆ, ಅದನ್ನ ನೋಡು" ಎಂದೆ.

ಹೇಳಿದ್ದೇನೋ ಹೇಳಿದೆ, ಮಾಡುವುದು ಏನು ಎಂದು ಗೊತ್ತಿರಲಿಲ್ಲ. ಗೊತ್ತಾದದ್ದು ಸಂಡಿಗೆಯಿಂದ. ಮಿಲ್ ರೂಮಿನ ತಾರಸಿಗೆ ನಮ್ಮ ಮೆಟ್ಟಿಲಿನ ಮಧ್ಯದಿಂದ ದಾರಿ ಇದೆ. ಅಲ್ಲಿ ಸಂಡಿಗೆ ಇಡಲು ಹೋದಾಗ, ಆ ಉರಿಬಿಸಿಲಿನಲ್ಲಿ, ನೆಲವೆಲ್ಲ ಕಾದ ಹಂಚಿನ ಹಾಗಿರುವಾಗ, ಒಂದು ಮೂಲೆಯಲ್ಲಿ ಒಂದು ಅರಳಿ ಸಸಿ ಎರಡು ಎಲೆ ಬಿಟ್ಟುಕೊಂಡು ಸುಖವಾಗಿ ನಿಂತಿತ್ತು. ಅದರ ಬುಡದಲ್ಲಿ ಪಾಚಿ. ಬೇಸಿಗೆಯಲ್ಲಿ ಹಸಿರಿದೆ ಎಂದರೆ ಕೆಳಗೆ ಎಲ್ಲೋ ತೇವ ಕೂತಿದೆ ಎಂದಲ್ಲವೇ?

ಆ ಮೂಲೆಯಲ್ಲಿ ಇದ್ದದ್ದು ನಮ್ಮ ಮಿಲ್ಲಿನ ಕಲ್ಲುಗಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಿಷನ್ನು ಕೊಂಡವರು ಸವೆದ ಬೀಸುವ ಕಲ್ಲುಗಳನ್ನು ಬೇಡವೆಂದು ಬಿಟ್ಟುಹೋದರು. ಮೇಲಿನದೊಂದು, ಕೆಳಗಿನದೊಂದು, ಗುಂಡಗೆ, ನಡುವೆ ತೂತು. ಅನ್ನ ಕೊಟ್ಟ ಕಲ್ಲನ್ನು ಮಿಲ್ಲಿನವರು ಮಾರುವುದಿಲ್ಲ, ಬೀದಿಗೆ ಹಾಕುವುದಿಲ್ಲ. ಮಹದೇವ ಆಳುಗಳನ್ನು ಕರೆಸಿ, ಹಗ್ಗ ಕಟ್ಟಿ ಎಳೆಸಿ, ಅಪ್ಪನ ಕಲ್ಲು ಎತ್ತರದಲ್ಲಿರಲಿ ಎಂದು ಮಿಲ್ ರೂಮಿನ ತಾರಸಿಯ ಮೇಲೆ, ನಮ್ಮ ಗೋಡೆಗೆ ಒರಗಿಸಿದಂತೆ ಜೋಡಿಸಿ ಮಲಗಿಸಿದ. ಪ್ರತಿ ಆಯುಧಪೂಜೆಗೆ ಅವಕ್ಕೆ ವಿಭೂತಿ, ಹೂವು. ಕೊನೆಗೆ ಅವುಗಳ ಮುಂದೆ ಕುಂಬಳಕಾಯಿ, ತೆಂಗಿನಕಾಯಿ. ನನ್ನ ಮಗ ಬ್ಯಾಂಕಿನಲ್ಲಿ ಜೋರಾಗಿ ಕೆಮ್ಮುವವನೂ ಅಲ್ಲ, ಆದರೆ ಅವತ್ತು ಕಾಯಿ ಒಡೆಯುವ ಹೊಡೆತಕ್ಕೆ ಕೆಳಗೆ ನನ್ನ ಲೋಟಗಳು ಅದುರುತ್ತಿದ್ದವು. ಆ ಹೊಡೆತವೆಲ್ಲ ಬಿದ್ದದ್ದು ಎಲ್ಲಿಗೆ? ಎರಡು ಗೋಡೆ ಸೇರುವ ಜಾಗಕ್ಕೆ. ಅಲ್ಲಿ ಬಿರುಕು ಬಿಡದೆ ಇನ್ನೇನು ಬಿಡುತ್ತದೆ? ಕಲ್ಲಿನ ಹಿಂದೆ ಹೊಂಗೆ ಎಲೆ ಸೇರಿ ಒಡ್ಡು ಕಟ್ಟಿತ್ತು, ಮಳೆ ನೀರು ಅಲ್ಲೇ ನಿಂತು ಪುರುಸೊತ್ತಾಗಿ ಕೆಳಗಿಳಿಯುತ್ತಿತ್ತು. ಇನ್ನು ಅಷ್ಟು ಮೇಸ್ತ್ರಿಗಳು? ಎಲ್ಲರಿಗೂ ಮಹದೇವ ಹೇಳಿದ್ದು ಒಂದೇ: "ಆ ಕಲ್ಲು ಮಾತ್ರ ಮುಟ್ಟಬೇಡಿ." ಅವರು ಕಲ್ಲಿನ ಸುತ್ತ ತಾರು ಬಳಿದರು, ಸುತ್ತ ಕೆಮಿಕಲ್ ಸುರಿದರು. ಕಲ್ಲು ಮುಟ್ಟಲಿಲ್ಲ.

ಆದರೆ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ನಾನು ಕೆಳಗೆ ಹೋಗಿ ಬಕೆಟ್ಟು ನೀರಿಗೆ ಡಬ್ಬದಲ್ಲಿದ್ದ ಅರಿಶಿನವನ್ನೆಲ್ಲ ಬಗ್ಗಿಸಿ ಕಲಸಿದೆ. ನಿಧಾನವಾಗಿ ಮೆಟ್ಟಿಲು ಹತ್ತಿ ಕಲ್ಲಿನ ಹಿಂದಕ್ಕೆ ಸುರಿದೆ. ಸೊಸೆ ಸ್ಕೂಲಿಗೆ ಹೋಗಿದ್ದಳು, ಇಲ್ಲದಿದ್ದರೆ ಅರಿಶಿನದ ಡಬ್ಬ ಹಿಡಿದು ನಿಂತಿರುತ್ತಿದ್ದಳು. ನೀರು ಸ್ವಲ್ಪ ಹೊತ್ತು ನಿಂತಿತು. ಆಮೇಲೆ, ಬಾಯಾರಿದವನು ಗುಟುಕು ಹಾಕಿದ ಹಾಗೆ, ಒಳಗೆ ಹೋಯಿತು.

ಮಾರನೆಯ ಬೆಳಿಗ್ಗೆ ಗೋಡೆಯ ಆಚೆ ರೊಟ್ಟಿಯ ಸದ್ದು ಇನ್ನೂ ಶುರುವಾಗಿರಲಿಲ್ಲ.

"ಅಜ್ಜೀ! ಗ್ವಾಡಿ ಹಳದಿ ಆಗೇತ್ರಿ!"

ನಾನು ಸೆರಗು ಸುತ್ತಿಕೊಂಡು ಹೋಗಿ ನೋಡಿದೆ. ಎಮ್ಮೆ ಮಲಗುವ ಜಾಗದಲ್ಲೇ, ಮೇಲಿಂದ ಕೆಳಕ್ಕೆ, ಅಂಗೈಯಲ್ಲಿ ಬಳಿದ ಹಾಗೆ ಅರಿಶಿನ. ನನಗೆ ಕುಣಿಯಬೇಕೆನಿಸಿತು. ಮಂಡಿ ಒಪ್ಪಲಿಲ್ಲ.

ಅಷ್ಟರಲ್ಲಿ ಎದುರು ಮನೆಯ ಸರೋಜಮ್ಮ ಕೂಗು ಕೇಳಿ ಬಂದಳು. ಸರೋಜಮ್ಮ ಎಂದರೆ ಹಾಲಿನ ಪ್ಯಾಕೆಟ್ಟಿನಲ್ಲೂ ದೇವರ ಮುಖ ಕಾಣುವವಳು. ಗೋಡೆ ನೋಡಿದಳು, ಎದೆಯ ಮೇಲೆ ಕೈಯಿಟ್ಟಳು. "ಅಯ್ಯೋ ತಾಯೀ! ಅಮ್ಮನವರು ಕಣ್ರೀ! ಅಮ್ಮನವರು ಬಂದವ್ರೆ!" ನಾನು ಬಾಯಿ ತೆರೆಯುವಷ್ಟರಲ್ಲಿ ಓಡಿಹೋಗಿ ಕುಂಕುಮ, ಊದುಬತ್ತಿ ತಂದಳು. ಜೊತೆಗೆ ಸಾಲಿನ ಹೆಂಗಸರನ್ನೆಲ್ಲ ತಂದಳು. ಅರಿಶಿನದ ನಡುವೆ ಕುಂಕುಮ ಬಿತ್ತು, ಸಜ್ಜಕ್ಕೆ ಮಲ್ಲಿಗೆ ಬಿತ್ತು. ಒಬ್ಬಾಕೆ ಗ್ಯಾಸ್ ಸಿಲಿಂಡರಿನ ಪಕ್ಕದಲ್ಲೇ ಕರ್ಪೂರ ಹಚ್ಚಲು ಹೊರಟಳು. ನಾನು ಕೈ ಹಿಡಿದು ಎಳೆದೆ. ಶಿವಲೀಲಾ ಹಿಟ್ಟಿನ ಕೈಯಲ್ಲಿ ಒಂದು ಮೂಲೆಯಲ್ಲಿ ನಿಂತು, "ನಾ ಅಡಿಗಿ ಎಲ್ಲಿ ಮಾಡ್ಲಿರಿ? ಆಫೀಸಿಗೆ ಹೊತ್ತಾತ್ರಿ" ಎನ್ನುತ್ತಿದ್ದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

"ಸರೋಜ, ಅದು ನಾನು..." ಎಂದೆ.

ಸರೋಜಮ್ಮ ನನ್ನ ಕಿವಿಗೆ ಬಾಯಿಟ್ಟಳು. "ಗೊತ್ತು ಸುಮ್ನಿರ್ರೀ. ನಿಮ್ಮ ಸೆರಗೆಲ್ಲ ಅರಿಶಿನ. ಏನ್ ಮಾಡಿದ್ರೋ ನಂಗೆ ಬೇಡ. ಅಮ್ಮನವರು ಇರೋ ಗೋಡೆನ ಯಾವ ಮಗ ಒಡೀತಾನೆ? ಬಾಯ್ಮುಚ್ಕೊಂಡು ಕೈ ಮುಗೀರಿ, ನಿಮ್ ಕೆಲಸ ಆಗೋಯ್ತು."

ಅವಳು ನಾನೆಣಿಸಿದಷ್ಟು ಪೆದ್ದಿಯಲ್ಲ ಎಂದು ಅವತ್ತು ತಿಳಿಯಿತು.

ಆಗಲೇ ಮಹದೇವ ಬ್ಯಾಂಕಿಗೆ ಹೊರಟವನು ಬಂದು ಬಾಗಿಲಲ್ಲಿ ನಿಂತ. ಗೋಡೆ ನೋಡಿದ. ಶೂ ಬಿಚ್ಚಿದ, ಕೈ ಮುಗಿದ. ಮುಖದಲ್ಲಿ ಭಯ, ಭಕ್ತಿ, ಪಾರ್ಕಿಂಗು ಎಲ್ಲವೂ ಒಟ್ಟಿಗೆ ಇತ್ತು. "ಅಮ್ಮ, ಇನ್ನು ಇದನ್ನ ಹೇಗೆ ಒಡಿಯೋದು?" ಎಂದ.

ಗೆದ್ದೇಬಿಟ್ಟಿದ್ದೆ ನೋಡಿ. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆದರೆ ನನ್ನ ಕಣ್ಣು ಶಿವಲೀಲಾಳ ಹೆಂಚಿನ ಮೇಲೆ ಬಿತ್ತು. ಯಾರೋ ಅದರ ಮೇಲೆ ಬಾಳೆಹಣ್ಣು ಇಟ್ಟಿದ್ದರು. ಇವತ್ತು ಬಾಳೆಹಣ್ಣು, ನಾಳೆ ಹುಂಡಿ, ನಾಡಿದ್ದು ಮೈಕು. ದೇವರು ಬಂದರೆ ಬಾಡಿಗೆದಾರರು ಹೋಗಬೇಕು. ದೇವರು ನಲ್ಲಿ ಸೋರುತ್ತಿದೆ ಎಂದು ಕರೆಯುವುದಿಲ್ಲ, ಬಾಗಿಲ ಸಂದಿಯಿಂದ ರೊಟ್ಟಿ ತಿನ್ನಲು ಬಾ ಎನ್ನುವುದಿಲ್ಲ. ಪೋರ್ಷನ್ನು ಉಳಿದು ನನ್ನ ಕೆಲಸ ಹೋದರೆ ನಾನು ಗೆದ್ದದ್ದಾದರೂ ಏನು?

"ಲೇ ಮಹದೇವ, ಕೈ ಇಳಿಸು. ಅದು ನಮ್ಮನೆ ಅಡುಗೆ ಅರಿಶಿನ. ನಿನ್ನೆ ನಾನೇ ಕಲಸಿ ನಿಮ್ಮಪ್ಪನ ಕಲ್ಲಿನ ಹಿಂದೆ ಸುರಿದೆ. ಅಲ್ಲಿ ಸುರಿದಿದ್ದು ಇಲ್ಲಿ ಬಂದಿದೆ. ಇಷ್ಟು ವರ್ಷ ಸೋರಿದ್ದು ಆ ಕಲ್ಲಿನಿಂದ."

ಹೆಂಗಸರೆಲ್ಲ ಒಂದೇ ಸಲ ನನ್ನ ಕಡೆ ತಿರುಗಿದರು. ಕರ್ಪೂರದಾಕೆ ಬಾಳೆಹಣ್ಣನ್ನು ವಾಪಸ್ಸು ತೆಗೆದುಕೊಂಡಳು. ಸರೋಜಮ್ಮ ಹಣೆ ಚಚ್ಚಿಕೊಂಡು, "ಈ ಹೆಂಗ್ಸಿಗೆ ಬದುಕೋಕ್ ಬರಲ್ಲ" ಎಂದು ಹೊರಟಳು.

ಮಹದೇವ ಶೂ ಹಾಕಿಕೊಳ್ಳದೆ ನಿಂತಿದ್ದ. "ಅದಕ್ಕೆ?"

"ಅದಕ್ಕೆ ಕಲ್ಲು ಕೆಳಗಿಳಿಸ್ಬೇಕು. ಬಿರುಕು ಮುಚ್ಚಬೇಕು."

"ಅಪ್ಪನ ಕಲ್ಲಮ್ಮ ಅದು! ಪೂಜೆ ಮಾಡ್ತಿರೋದು!"

"ನಿಮ್ಮಪ್ಪ ಪೂಜೆ ಮಾಡಿದ್ದನ್ನ ಯಾವತ್ತು ನೋಡಿದ್ದೆ? ಕಲ್ಲು ಮೊಂಡಾದಾಗ ಉಳಿ ತಗೊಂಡು ಹಲ್ಲು ಕೊರೆದು, ಬಾಯಿಗೆ ಬಂದಂಗೆ ಬೈದು, ಕಾಲಲ್ಲಿ ಉರುಳಿಸ್ಕೊಂಡು ಹೋಗ್ತಿದ್ರು. ನೀನು ಅದನ್ನ ತಲೆ ಮೇಲೆ ಕೂರಿಸಿ ನೀರು ಇಳಿಸಿದೆ."

"ಆದ್ರೂ..."

"ಅಪ್ಪ ನಿಂತು ದುಡಿದ ರೂಮು ಒಡೀಬಹುದು, ಅಪ್ಪನ ಕಲ್ಲು ಪಕ್ಕಕ್ಕೆ ಸರಿಸಬಾರದು. ಇದ್ಯಾವ ನ್ಯಾಯ ಕಣೋ?"

ಅವನು ಶೂ ಹಾಕಿಕೊಂಡ. ಬ್ಯಾಂಕಿಗೆ ಹೊತ್ತಾಯಿತು ಎಂದು ಹೋದ. ಸಂಜೆ ಬಂದು, ಊಟ ಮಾಡಿ, ಕೈ ತೊಳೆದು, ನನ್ನ ಮುಖ ನೋಡದೆ, "ಇಳಿಸೋರು ನಿಧಾನವಾಗಿ ಇಳಿಸ್ಬೇಕು" ಎಂದ. ಸೊಸೆ ಒಳಗಿಂದ, "ಅರಿಶಿನ ತರೋರು ಬೇಗ ತರಬೇಕು" ಎಂದಳು.

ಸೆಲ್ವಂ ಮೇಸ್ತ್ರಿ ಬಂದ. ಅವನ ಆಳುಗಳು ಕಲ್ಲುಗಳನ್ನು ಹಗ್ಗದಲ್ಲಿ ಇಳಿಸಿದರು. ಅರಳಿ ಸಸಿಯನ್ನು ಕಿತ್ತರೆ ಬೇರು ಮೊಳದುದ್ದ ಬಂತು. ಬಿರುಕಿನ ಗಾರೆ ಕೆತ್ತಲು ಉಳಿ ಇಟ್ಟರು ನೋಡಿ, ಒಳಗಿದ್ದ ಹಳೆಯ ಮೆಣಸಿನಕಾಯಿ ಒಟ್ಟಿಗೆ ಎದ್ದಿತು. ಸೆಲ್ವಂ ಸೀನಿದ, ಆಳುಗಳು ಸೀನಿದರು, ಎದುರು ಮನೆಯ ಕಿಟಕಿಯಲ್ಲಿ ಇಣುಕುತ್ತಿದ್ದ ಸರೋಜಮ್ಮ ಸೀನಿದಳು. "ಏನಮ್ಮ ಇದು, ಗೋಡೆಗೆ ಸಿಮೆಂಟ್ ಹಾಕಿದ್ರಾ, ಸಾಂಬಾರ್ ಪುಡಿ ಹಾಕಿದ್ರಾ?" ಎಂದು ಸೆಲ್ವಂ ಮೂಗು ಒರೆಸಿಕೊಂಡ. ಬಿರುಕು ಮುಚ್ಚಿ, ಮೇಲೆ ಇಳಿಜಾರು ಕೊಟ್ಟು, ನೀರು ಹಿಂದಿನ ಪೈಪಿಗೆ ಹೋಗುವಂತೆ ಮಾಡಿಸಿದೆ. ಒಳಗಿನ ಗೋಡೆಯ ಅರಿಶಿನವನ್ನು ಕೆರೆಸಿ ಹಾಕಿದೆ, ಆದರೆ ಬಣ್ಣ ಹೊಡೆಯಲು ಬಿಡಲಿಲ್ಲ. ಬಣ್ಣ ಹೊಡೆದರೆ ಗೋಡೆ ಸುಳ್ಳು ಹೇಳುತ್ತದೆ. ಮಳೆ ಬರಲಿ, ಬರೀ ಮೈಯಲ್ಲೇ ಸಾಕ್ಷಿ ಹೇಳಲಿ.

ಇನ್ನು ಕಲ್ಲುಗಳು. ಅಂಗಳದಲ್ಲಿ ಬಿದ್ದಿದ್ದವು. ಮಹದೇವ ಅವಕ್ಕೆ ಒಂದು ಕಟ್ಟೆ ಕಟ್ಟಿಸೋಣ ಎಂದ. ಮತ್ತೆ ಕಟ್ಟೆ, ಮತ್ತೆ ಕಾಯಿ, ಮತ್ತೆ ಬಿರುಕು. ನಾನು ಅವನು ಬ್ಯಾಂಕಿನಲ್ಲಿರುವಾಗಲೇ ಸೆಲ್ವಂನಿಂದ ಒಂದನ್ನು ಪೋರ್ಷನ್ನಿನ ಹಿಂದೆ ಒಗೆಯುವ ಕಲ್ಲಾಗಿ ಕೂರಿಸಿಬಿಟ್ಟೆ. ನಮ್ಮವರು ಕೊರೆದ ಹಲ್ಲು ಇನ್ನೂ ಅಲ್ಲಲ್ಲಿ ಇತ್ತು, ನೀರು ನಡುವಿನ ತೂತಿನಲ್ಲಿ ಇಳಿದು ಹೋಗುತ್ತಿತ್ತು. ಶಿವಲೀಲಾ ಮೊದಲ ದಿನವೇ ಗಂಡನ ಅಂಗಿ ತಿಕ್ಕಿ ನೋಡಿದಳು. "ಭಾಳ ಚಲೋ ಆತ್ರಿ ಅಜ್ಜಿ! ಕಾಲರಿನ ಮಣ್ಣು ಒಂದ ಏಟಿಗೆ ಹೊಂಟೈತಿ." ಇನ್ನೊಂದನ್ನು ಅವಳ ಬಾಗಿಲ ಮುಂದೆ ಮೆಟ್ಟಿಲಾಗಿ ಹಾಕಿಸಿದೆ. ಎಷ್ಟೋ ವರ್ಷ ಸುಮ್ಮನೆ ಬಿದ್ದು ಹೂವು ತಿಂದಿದ್ದು ಸಾಕು. ದುಡಿಯಲಿ.

ಮಹದೇವ ಸಂಜೆ ಬಂದು ನೋಡಿದ. ಅವತ್ತಿನಿಂದ ಆ ಬಾಗಿಲಿಗೆ ಹೋಗಬೇಕಾದಾಗಲೆಲ್ಲ ಕಲ್ಲು ತುಳಿಯದೆ ಹಾರುತ್ತಿದ್ದ. ಐವತ್ತು ದಾಟಿದವನು, ಹೊಟ್ಟೆ ಬಂದವನು, ಟೈ ಕಟ್ಟಿಕೊಂಡು, ಕುಂಟೆಬಿಲ್ಲೆ ಆಡುವ ಹುಡುಗಿಯ ಹಾಗೆ. ನಾನು ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಾ ನೋಡುತ್ತಿದ್ದೆ. ಟೀವಿಗಿಂತ ಚೆನ್ನಾಗಿತ್ತು.

ಮೋಡ ಬಂದು ಬಂದು ಹೋದವು. ಜೆಪಿ ನಗರದಲ್ಲಿ ಬಂತಂತೆ, ಜಯನಗರದಲ್ಲಿ ಆಲಿಕಲ್ಲೇ ಬಿತ್ತಂತೆ, ನಮಗೆ ಮಾತ್ರ ಗಾಳಿ. ಶಿವಲೀಲಾ ದಿನಾ ಬಾಗಿಲ ಸಂದಿಯಲ್ಲಿ, "ಇವತ್ತರ ಬರ್ತೈತೇನ್ರಿ?" ಎನ್ನುತ್ತಿದ್ದಳು. ಮಳೆಗೆ ಕಾಯುವ ಬಾಡಿಗೆದಾರಳನ್ನು ಈ ಊರಿನಲ್ಲಿ ನಾನೊಬ್ಬಳೇ ಕಂಡಿರಬೇಕು.

ಕೊನೆಗೆ ಒಂದು ಸಂಜೆ ಬಂತು. ಬಂತು ಎಂದರೆ ಹನಿಯಲ್ಲ, ಆಕಾಶ ಕೊಡ ಬಗ್ಗಿಸಿದಂತೆ. ಮೋರಿಗಳು ರಸ್ತೆಗೆ ಬಂದವು, ರಸ್ತೆ ಗೇಟಿಗೆ ಬಂತು. ನಾನು ಶಿವಲೀಲಾಳ ಅಡುಗೆಮನೆಗೆ ಹೋಗಿ ಸ್ಟೂಲು ಹಾಕಿಕೊಂಡು ಗೋಡೆಯ ಎದುರು ಕೂತೆ. ಅವಳು ಹಿಟ್ಟು ನಾದುವುದನ್ನು ಬಿಟ್ಟು ಪಕ್ಕದಲ್ಲಿ ನಿಂತಳು. ಸರೋಜಮ್ಮ ಕೊಡೆ ಹಿಡಿದು ಬಂದೇಬಿಟ್ಟಳು. "ಅಮ್ಮನವರು ಬಂದ್ರಾ?"

"ನೀನೇ ಬಂದಿದೀಯಲ್ಲ, ಕೂತ್ಕೋ" ಎಂದೆ.

ಮೂವರೂ ಗೋಡೆಯನ್ನೇ ನೋಡುತ್ತಿದ್ದೆವು. ಗುಡುಗಿದಾಗಲೆಲ್ಲ ಶಿವಲೀಲಾ ನನ್ನ ಭುಜ ಹಿಡಿಯುತ್ತಿದ್ದಳು. ಹಿಂದಿನ ಪೈಪಿನಲ್ಲಿ ನೀರು ಧೋ ಎಂದು ಇಳಿಯುವುದು ಕೇಳುತ್ತಿತ್ತು. ಅಲ್ಲಿ ಇಳಿದರೆ ಇಲ್ಲಿ ಇಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಗೋಡೆಯಿಂದ ಕಣ್ಣು ತೆಗೆಯಲಿಲ್ಲ.

ಗೇಟಿನ ಸದ್ದಾಯಿತು. ಮಹದೇವ ಕಾರನ್ನು ಹೊಂಗೆ ಮರದ ಕೆಳಗೆ ಬಿಟ್ಟು, ತಲೆಯ ಮೇಲೆ ಬ್ಯಾಗು ಹಿಡಿದು ಓಡಿ ಬಂದ. ಮಳೆಯಲ್ಲಿ ಯಾರು ಹಾರುತ್ತಾರೆ? ನೇರವಾಗಿ ಕಲ್ಲಿನ ಮೇಲೆ ಕಾಲಿಟ್ಟ. ಅಂಗಳವೆಲ್ಲ ಪಾಚಿ ಹಿಡಿದ ಬಚ್ಚಲಿನಂತೆ ಜಾರುತ್ತಿತ್ತು. ಆ ಹಲ್ಲಿನ ಕಲ್ಲು ಮಾತ್ರ ಅವನ ಕಾಲನ್ನು ಗಟ್ಟಿಯಾಗಿ ಹಿಡಿದು ಒಳಗೆ ಬಿಟ್ಟಿತು. ಅವನು ತಿರುಗಿ ಕಲ್ಲನ್ನು ಒಮ್ಮೆ ನೋಡಿದ. ನಾನು ನೋಡಿಯೂ ನೋಡದಂತೆ ಇದ್ದೆ.

"ಏನಾಯ್ತು?" ಎಂದ.

"ನೀನೇ ನೋಡ್ಕೋ."

ಅವನು ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟ. ಸಜ್ಜದ ಕೆಳಗೆ ಇಟ್ಟ, ಮೂಲೆಯಲ್ಲಿ ಇಟ್ಟ. ಬಗ್ಗಿ ಬುಡದಲ್ಲಿ ಮುಟ್ಟಿದ. ಬ್ಯಾಂಕಿನಲ್ಲಿ ಸಹಿ ತಾಳೆ ನೋಡುವವನ ಹಾಗೆ ಮುಖವನ್ನು ಗೋಡೆಗೇ ತಂದು ಉಸಿರೆಳೆದ.

ಒಂದು ಸೀನು ಬಂತು.

ನಾನು ಸ್ಟೂಲಿನಿಂದ ಎದ್ದೆ. ನೆನೆದ ಗೋಡೆ ಯಾರನ್ನೂ ಸೀನಿಸುವುದಿಲ್ಲ, ಇದು ಈ ಮನೆಯಲ್ಲಿ ಬೆಳೆದ ಅವನಿಗೂ ಗೊತ್ತು. ಹೊರಗೆ ಅವನ ಹೊಸ ಕಾರಿನ ಮೇಲೆ ಮಳೆ ಬಡಿಯುತ್ತಿತ್ತು, ಒಳಗೆ ಶಿವಲೀಲಾ ಹೆಂಚು ಕಾಯಲಿಟ್ಟಳು. ಅವನು ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದ.

"ತಡಿ" ಎಂದೆ. "ಇನ್ನೊಂದು ಬರುತ್ತೆ."

ಬಂತು.